ಅಗ್ಗದ ಫಿಕ್ಸಿ ಸೈಕಲ್: ಬಣ್ಣ ನೋಡಬೇಡಿ, ಹಿಂಚಕ್ರ ನೋಡಿ

ಫಿಕ್ಸೆಡ್ ಗೇರ್ ಸೈಕಲ್‌ನಲ್ಲಿ, ಅಂದರೆ ಫಿಕ್ಸಿಯಲ್ಲಿ, ಫ್ರೀವೀಲ್ (ಪೆಡಲ್ ನಿಂತರೂ ಚಕ್ರ ಉರುಳಲು ಬಿಡುವ ಭಾಗ) ಇರುವುದಿಲ್ಲ. ಹಿಂದಿನ ಹಲ್ಲುಚಕ್ರವನ್ನು ನೇರವಾಗಿ ಚಕ್ರದ ನಡುವಿನ ಹಬ್‌ಗೆ ಬಿಗಿದಿರುವುದರಿಂದ ಚಕ್ರ ಉರುಳುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಇಳಿಜಾರಿನಲ್ಲಿ ಕಾಲು ಬಿಟ್ಟು ಕೂರುವ ಸುಖವಿಲ್ಲ. ಅದರ ಬದಲಿಗೆ ಗೇರಿನ ಕೇಬಲ್ಲುಗಳ ರಗಳೆಯೂ ಇಲ್ಲ, ಕೆಡುವ ಭಾಗಗಳೂ ಕಡಿಮೆ. ವೆಲೊಡ್ರೋಮಿನಲ್ಲಿ (ಸೈಕಲ್ ಪಂದ್ಯದ ಅಂಕಣದಲ್ಲಿ) ಓಡುವ ಟ್ರ್ಯಾಕ್ ಸೈಕಲ್‌ಗಳೆಲ್ಲ ಇದೇ ಜಾತಿಯವು. ಸೈಕಲ್ ಸ್ಪರ್ಧೆಗೆ ಹೆಸರಾದ ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. ಕಡಿಮೆ ದುಡ್ಡಿನಲ್ಲಿ ಪೇಟೆಯ ರಸ್ತೆಗೆ ಇಂಥದ್ದೊಂದನ್ನು ಇಳಿಸಬೇಕೆನ್ನುವವರಿಗೆ ನನ್ನ ಸಲಹೆ ಇಷ್ಟೆ: ಫ್ರೇಮು, ಸೀಟು, ಹ್ಯಾಂಡಲ್ಲಿನಲ್ಲಿ ಎಷ್ಟು ಬೇಕಾದರೂ ಜಿಪುಣತನ ಮಾಡಿ; ಹಿಂದಿನ ಹಬ್ ಮತ್ತು ಮುಂದಿನ ಬ್ರೇಕಿನಲ್ಲಿ ಮಾತ್ರ ಬೇಡ.

ಮೊದಲು ಚಕ್ರ ಎತ್ತಿ ತಿರುಗಿಸಿ

ಅಂಗಡಿಯಲ್ಲಿ ಫಿಕ್ಸಿ ಎಂದು ತೋರಿಸುವುದೆಲ್ಲ ಫಿಕ್ಸಿಯಾಗಿರುವುದಿಲ್ಲ. ಫ್ರೀವೀಲ್ ಇರುವ ಒಂದೇ ಗೇರಿನ ಸೈಕಲ್‌ಗೂ ಆ ಹೆಸರು ಅಂಟಿಸಿ ಮಾರುವುದುಂಟು. ಹಿಂಚಕ್ರವನ್ನು ನೆಲದಿಂದ ಎತ್ತಿ ಕೈಯಿಂದ ಮುಂದಕ್ಕೆ ತಿರುಗಿಸಿ. ಪೆಡಲ್ ಜೊತೆಯಲ್ಲೇ ತಿರುಗಿದರೆ ಫಿಕ್ಸೆಡ್. ಟಿಕಟಿಕ ಸದ್ದಿನೊಂದಿಗೆ ಚಕ್ರವೊಂದೇ ತಿರುಗಿದರೆ ಫ್ರೀವೀಲ್. ಎರಡೂ ಬದಿಯಲ್ಲಿ ಥ್ರೆಡ್ ಇರುವ ಫ್ಲಿಪ್‌ಫ್ಲಾಪ್ ಹಬ್ ಸಿಕ್ಕರೆ ಬಿಡಬೇಡಿ. ಒಂದು ಬದಿಗೆ ಫಿಕ್ಸೆಡ್, ಇನ್ನೊಂದಕ್ಕೆ ಫ್ರೀವೀಲ್ ಹಾಕಿಕೊಂಡರೆ, ಒಗ್ಗದ ದಿನ ಚಕ್ರ ಬಿಚ್ಚಿ ತಿರುಗಿಸಿ ಹಾಕಿದರಾಯಿತು.

ಈಗ ಹಬ್ಬನ್ನು ಹತ್ತಿರದಿಂದ ನೋಡಿ. ನಿಜವಾದ ಟ್ರ್ಯಾಕ್ ಹಬ್‌ನಲ್ಲಿ ಎರಡು ಮೆಟ್ಟಿಲಿನಂತೆ ಎರಡು ಥ್ರೆಡ್‌ಗಳಿರುತ್ತವೆ. ಒಳಗಿನ ದೊಡ್ಡದಕ್ಕೆ ಹಲ್ಲುಚಕ್ರ ಕೂರುತ್ತದೆ. ಹೊರಗಿನ ಚಿಕ್ಕದು ಉಲ್ಟಾ ಥ್ರೆಡ್, ಎಡಕ್ಕೆ ತಿರುಗಿಸಿದರೆ ಬಿಗಿಯುವಂಥದ್ದು. ಅದಕ್ಕೆ ಹಲ್ಲುಚಕ್ರವನ್ನು ಹಿಡಿದಿಡುವ ಬಳೆ, ಅಂದರೆ ಲಾಕ್‌ರಿಂಗ್ ಬರುತ್ತದೆ. ವೇಗ ತಗ್ಗಿಸಲು ನೀವು ಪೆಡಲನ್ನು ಹಿಂದಕ್ಕೆ ಒತ್ತಿದಾಗ ಹಲ್ಲುಚಕ್ರ ಬಿಚ್ಚಿಕೊಳ್ಳಲು ನೋಡುತ್ತದೆ. ಅದೇ ಒತ್ತಡ ಲಾಕ್‌ರಿಂಗನ್ನು ಇನ್ನಷ್ಟು ಬಿಗಿಯುವುದರಿಂದ ಅದು ಬಿಚ್ಚಲಾರದು. ಖರ್ಚು ಉಳಿಸಲು ಸಾಮಾನ್ಯ ಫ್ರೀವೀಲ್ ಹಬ್‌ಗೇ ಹಲ್ಲುಚಕ್ರ ಹಾಕಿ ಅಂಟು ಬಳಿದು ಕೊಡುವವರಿದ್ದಾರೆ, ಫ್ರೀವೀಲಿಗೆ ವೆಲ್ಡಿಂಗ್ ಹೊಡೆದು ಕೊಡುವವರೂ ಇದ್ದಾರೆ. ನಾಲ್ಕು ದಿನ ಓಡುತ್ತದೆ, ನಿಜ. ಯಾವುದೋ ಮೇಲ್ಸೇತುವೆಯ ಇಳಿಜಾರಿನಲ್ಲಿ ಜೋರಾಗಿ ಹಿಂದಕ್ಕೆ ಒತ್ತಿದಾಗ ಹಲ್ಲುಚಕ್ರ ಸಡಿಲಗೊಂಡರೆ ಪೆಡಲ್ ಗಿರ್ರನೆ ಸುತ್ತುತ್ತದೆ, ಸೈಕಲ್ ಮಾತ್ರ ನಿಲ್ಲುವುದಿಲ್ಲ. ಲಾಕ್‌ರಿಂಗ್ ಇಲ್ಲದ ಹಿಂಚಕ್ರವನ್ನು ಪುಕ್ಕಟೆ ಕೊಟ್ಟರೂ ಬೇಡ ಎನ್ನಿ.

ಹಳೆಯ ಫ್ರೇಮಿನಿಂದ ಮಾಡುವುದಾದರೆ

ಎಲ್ಲಕ್ಕಿಂತ ಅಗ್ಗದ ದಾರಿ ಇದು. ಹಿಂಚಕ್ರದ ಆಕ್ಸಲ್ ಕೂರುವ ಸೀಳು ಅಡ್ಡಕ್ಕಿರಬೇಕು. ಅದು ಮೇಲಕ್ಕೆ ನೆಟ್ಟಗಿದ್ದರೆ ಚಕ್ರವನ್ನು ಹಿಂದಕ್ಕೆ ಎಳೆದು ಚೈನು ಬಿಗಿಯಲು ಆಗುವುದಿಲ್ಲ. ಹಳೆಯ ಉಕ್ಕಿನ ಫ್ರೇಮುಗಳಲ್ಲಿ ಅಡ್ಡ ಸೀಳು ಸಾಮಾನ್ಯ. ಟ್ರ್ಯಾಕ್ ಹಬ್‌ನ ಅಗಲ ಸಾಮಾನ್ಯವಾಗಿ 120 ಮಿಲಿಮೀಟರ್. ಗೇರ್ ಸೈಕಲ್ಲಿನ ಫ್ರೇಮಾದರೆ ಹಿಂದೆ 126 ಅಥವಾ 130 ಇರಬಹುದು. ಉಳಿದ ಜಾಗಕ್ಕೆ ಆಕ್ಸಲ್ಲಿನ ಎರಡೂ ಕಡೆ ವಾಷರ್ ಹಾಕಿಸಿ. ಸೆಕೆಂಡ್ ಹ್ಯಾಂಡ್ ಫ್ರೇಮಾದರೆ ಹ್ಯಾಂಡಲ್ ಕೆಳಗೆ, ಕೊಳವೆಗಳು ಕೂಡುವ ಜಾಗದ ಅಡಿಭಾಗವನ್ನು ಬೆರಳಿನಿಂದ ಸವರಿ. ಅಲ್ಲಿ ಸಣ್ಣ ಸುಕ್ಕೋ ಬಣ್ಣದ ಬಿರುಕೋ ತಗುಲಿದರೆ ಆ ಸೈಕಲ್ ಎಲ್ಲೋ ಗುದ್ದಿಕೊಂಡು ಬಂದಿದೆ. ಚೌಕಾಸಿ ಮಾಡುತ್ತ ನಿಲ್ಲಬೇಡಿ, ಹೊರಟುಬಿಡಿ.

ಹಲ್ಲಿನ ಲೆಕ್ಕ

ಮುಂದೆ 46, ಹಿಂದೆ 17 ಹಲ್ಲು ಬೆಂಗಳೂರು, ಮೈಸೂರಿನಂಥ ಊರಿಗೆ ಸಾಕು. ಏರು ಹೆಚ್ಚಿದ್ದರೆ ಮುಂದೆ 42 ಅಥವಾ 44 ಇರಲಿ. ಮಡಿಕೇರಿಯವರಿಗೆ ಗೇರ್ ಸೈಕಲ್ಲೇ ಕ್ಷೇಮ. 48ಕ್ಕೆ 16ರ ಜೋಡಿ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ, ಆದರೆ ಅದರಲ್ಲೊಂದು ತೊಡಕಿದೆ. ಅನುಪಾತ ಸರಿಯಾಗಿ ಮೂರು ಬರುವುದರಿಂದ ಪೆಡಲ್ ಒಂದು ಸುತ್ತು ಬಂದಾಗಲೆಲ್ಲ ಚಕ್ರ ಮೂರು ಪೂರ್ತಿ ಸುತ್ತು ಮುಗಿಸಿ ಮೊದಲಿನ ಜಾಗಕ್ಕೇ ಬರುತ್ತದೆ. ಒಂದೇ ಕಾಲು ಮುಂದಿಟ್ಟು ಚಕ್ರ ಜಾರಿಸಿ ನಿಲ್ಲಿಸುವ ಅಭ್ಯಾಸವಿದ್ದರೆ ಟಯರಿನ ಅದೇ ಒಂದು ಜಾಗ ಸವೆದು ಟ್ಯೂಬು ಇಣುಕುತ್ತದೆ. 46ಕ್ಕೆ 17 ಹಾಕಿದರೆ ಆ ಸವೆತ 17 ಜಾಗಗಳಿಗೆ ಹಂಚಿಹೋಗುತ್ತದೆ.

ಬ್ರೇಕಿನ ವಿಷಯದಲ್ಲಿ ಚರ್ಚೆ ಬೇಡ. ಬ್ರೇಕ್ ಇಲ್ಲದ ಫಿಕ್ಸಿ ಚೆಂದ ಕಾಣುತ್ತದೆ ಎನ್ನುವವರು ವೆಲೊಡ್ರೋಮಿನಲ್ಲಿ ಓಡಿಸಲಿ. ಅಲ್ಲಿ ಎದುರಿಗೆ ಆಟೊ ಬರುವುದಿಲ್ಲ, ಹಸು ಅಡ್ಡ ನಿಲ್ಲುವುದಿಲ್ಲ. ಬ್ರಿಟನ್ನಿನ 1983ರ ನಿಯಮಗಳ ಪ್ರಕಾರವೂ ರಸ್ತೆಗಿಳಿಯುವ ಫಿಕ್ಸಿಗೆ ಮುಂದಿನ ಬ್ರೇಕ್ ಕಡ್ಡಾಯ.

ಚೈನು ಬಿಗಿಯುವುದು

ಮುಂದಿನ ಮತ್ತು ಹಿಂದಿನ ಹಲ್ಲುಚಕ್ರಗಳು ಒಂದೇ ಗೆರೆಯಲ್ಲಿರಬೇಕು. ಚಕ್ರವನ್ನು ಹಿಂದಕ್ಕೆಳೆದು ನಟ್ಟು ಬಿಗಿದ ಮೇಲೆ ಚೈನಿನ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಸುಮಾರು ಅರ್ಧ ಇಂಚು ಆಡಬೇಕು. ಹಲ್ಲುಚಕ್ರಗಳು ಪೂರ್ತಿ ದುಂಡಗಿರುವುದು ಅಪರೂಪವಾದ್ದರಿಂದ ಪೆಡಲನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ನಾಲ್ಕೈದು ಕಡೆ ನೋಡಿ. ಅತಿ ಬಿಗಿಯಾದ ಜಾಗದಲ್ಲೂ ಚೈನು ತುಸು ಆಡುವಂತಿರಬೇಕು. ಸಡಿಲವಾದರೆ ಚೈನು ಕಳಚಿ ಚಕ್ರವೇ ಕಚ್ಚಿಕೊಳ್ಳಬಹುದು.

ಮೊದಲ ವಾರ ಖಾಲಿ ಮೈದಾನದಲ್ಲಿ ಓಡಿಸಿ. ಪೆಡಲ್ ನಿಲ್ಲಿಸಲು ಹೋದರೆ ಅದು ಕಾಲನ್ನು ಎತ್ತಿ ಒಗೆಯುತ್ತದೆ. ಆ ಹಳೆಯ ಅಭ್ಯಾಸ ತಪ್ಪಲು ಸಮಯ ಬೇಕು. ತಿರುವಿನಲ್ಲೂ ಪೆಡಲ್ ತಿರುಗುತ್ತಿರುವುದರಿಂದ ಹೆಚ್ಚು ವಾಲಿದರೆ ಅದು ನೆಲಕ್ಕೆ ತಾಗುತ್ತದೆ. ಪೆಡಲ್ ಹಿಡಿದಿರುವ ತೋಳು, ಅಂದರೆ ಕ್ರ್ಯಾಂಕ್, 165 ಮಿಲಿಮೀಟರಿನ ಗಿಡ್ಡದಾದರೆ ಆ ಭಯ ಕಡಿಮೆ. ಪ್ಯಾಂಟಿನ ಅಂಚನ್ನು ಮಡಿಚಿ ಕಟ್ಟಿಕೊಳ್ಳಿ, ಶೂ ಲೇಸನ್ನು ಒಳಗೆ ಸಿಕ್ಕಿಸಿ. ದುಪಟ್ಟಾ, ಸೀರೆ ಉಡುವವರು ಚೈನ್ ಕವರ್ ಹಾಕಿಸದೆ ಹತ್ತಬೇಡಿ. ಚೀಲದಲ್ಲಿ 15 ನಂಬರಿನ ಸ್ಪ್ಯಾನರ್ ಇರಲಿ. ಪಂಕ್ಚರ್ ಆದರೆ ಅದಿಲ್ಲದೆ ಹಿಂಚಕ್ರ ಬಿಚ್ಚಲಾಗದು.

ಚೈನು ಒರೆಸುವಾಗ ಚಕ್ರ ತಿರುಗುತ್ತಿರಬಾರದು. ಸಾಮಾನ್ಯ ಸೈಕಲ್ಲಿನಲ್ಲಿ ಬಟ್ಟೆ ಸಿಕ್ಕಿಕೊಂಡರೆ ಅಲ್ಲಿಗೇ ನಿಲ್ಲಬಹುದು. ಇಲ್ಲಿ ಚಕ್ರದ ಪೂರ್ತಿ ರಭಸ ಚೈನಿನ ಮೂಲಕ ಬಟ್ಟೆಯ ಜೊತೆಗೆ ಬೆರಳನ್ನೂ ಹಲ್ಲಿನೊಳಗೆ ಎಳೆದುಕೊಳ್ಳುತ್ತದೆ, ಬೆರಳು ತುಂಡಾಗುವ ಅಪಾಯವಿದೆ. ಚಕ್ರ ನಿಲ್ಲಿಸಿ, ಕೈಗೆ ಸಿಕ್ಕಷ್ಟು ಒರೆಸಿ, ಕೈ ತೆಗೆದು ಮುಂದಕ್ಕೆ ಸರಿಸಿ, ಮತ್ತೆ ಒರೆಸಿ. ಆಗಾಗ ಸ್ಕೇಲಿಟ್ಟು ಅಳೆಯಿರಿ: ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಎಣಿಸಿದರೆ ಮುಂದಿನ 24ನೇ ಪಿನ್ನು ಸರಿಯಾಗಿ 12 ಇಂಚಿಗೆ ಬರುತ್ತದೆ. ಅದು 12 ಇಂಚಿನ ಗೆರೆಯಿಂದ ಇಂಚಿನ ಹದಿನಾರನೇ ಒಂದು ಭಾಗದಷ್ಟು ಆಚೆ ಹೋದರೆ ಚೈನು ಬದಲಿಸಿ; ಎಂಟನೇ ಒಂದು ಭಾಗ ದಾಟುವವರೆಗೆ ಕಾದರೆ ಹಲ್ಲುಚಕ್ರಗಳ ಖರ್ಚೂ ಮೈಮೇಲೆ ಬರುತ್ತದೆ.