ನಾಕೇ ನಾಕು ಎಲುಬಿನ ಡೈನೋಸಾರ್ ಮಾಡೆಲ್ ಮಾಡೋದು ಹ್ಯಾಂಗ

ಸೈನ್ಸ್ ಎಕ್ಸಿಬಿಷನ್ ಬಂತಂದ್ರ ನಮ್ಮ ಕಲಬುರಗಿ ಸಾಲಿಗೋಳಾಗ ಅದೇ ಜ್ವಾಲಾಮುಖಿ, ಅದೇ ಮಳಿ ನೀರಿನ ಕೊಯ್ಲು, ನೋಡಿ ನೋಡಿ ಬ್ಯಾಸರಾಗಿ ಹ್ವಾದ ವರ್ಷ ಅಕ್ಕನ ಮಗನಿಗಿ ಲೇವಿಸೂಕಸ್ ಮಾಡಿಕೊಟ್ಟೆ. ನಮ್ಮ ದೇಶದ್ದೇ ಸಣ್ಣ ಡೈನೋಸಾರ್ ರೀ ಇದು, ಜಬಲ್‌ಪುರದ ಬಡಾ ಸಿಮ್ಲಾ ಗುಡ್ಡದಾಗ ಸಿಕ್ಕಿದ್ದು, 1933ರಾಗ ಹ್ಯೂನೆ, ಮ್ಯಾಟ್ಲಿ ಅನ್ನೋರು ಹೆಸರಿಟ್ರು. ಆಗ ಸಿಕ್ಕಿದ್ದೇನಂದ್ರ ಕುತ್ತಿಗಿ ಎಲುಬಿನ ಮಣಿ ಮೂರು, ಬೆನ್ನೆಲುಬಿನ ಮಣಿ ಒಂದು. ತಲಿ ಇಲ್ಲ, ಹಲ್ಲಿಲ್ಲ, ಕಾಲಿಲ್ಲ.

ಅದಕ್ಕ ಮೊದಲು ಈ ನಾಕು ಮಣಿ ಮಾಡ್ರಿ. ಎಂ-ಸೀಲ್ ಕಲಸಿ ಸಣ್ಣ ಉಂಡಿ ಕಟ್ಟಿ ಸ್ವಲ್ಪ ಉದ್ದ ಎಳೀರಿ, ನಡು ಚಿವುಟ್ರಿ, ಕುತ್ತಿಗಿ ಮಣಿಗೋಳಿಗಿ ಎರಡೂ ಬಾಜೂಕ ಬೆಂಕಿಕಡ್ಡಿಲೇ ತೂತು ಹಾಕ್ರಿ. ತೂತು ಶೋಕಿಗಲ್ರಿ, ಹಕ್ಕಿಗೋಳಿಗಿ ಇದ್ದಂಗ ಗಾಳಿಚೀಲ ಎಲುಬಿನೊಳಗ ಹೋಗೋ ಜಾಗ ಅದು. ಮ್ಯಾಲಿನ ಕಡಿ ಬೆನ್ನುಹುರಿ ಹಾಯೋ ತೂತು ಬಿಡ್ರಿ, ಜಿಐ ತಂತಿ ಅದರಾಗೇ ಏರಸ್ರಿ. ನಾಕಕ್ಕೂ ಕೆಂಪು ಬಣ್ಣ, ಕೆಂಪು ಅಂದ್ರ ಖರೇ ಸಿಕ್ಕ ಎಲುಬು.

ಬಾಕಿ ಮೈಯೆಲ್ಲಾ ಥರ್ಮೋಕೋಲ್, ರದ್ದಿ ಪೇಪರ್, ಫೆವಿಕಾಲ್ (ಮೈದಾ ಅಂಟು ಬ್ಯಾಡ, ಇರುವಿ ಹತ್ತತಾವ), ಮ್ಯಾಲ ಬೂದಿ ಬಣ್ಣ. ಬೂದಿ ಅಂದ್ರ ಅಂದಾಜು. ಅಂದಾಜಿಗಿ ಮಡಗಾಸ್ಕರ್‌ದ ಮಸಿಯಾಕಸಾರಸ್ ನೋಡ್ರಿ, 2001ರಾಗ ಹೆಸರಿಟ್ಟಿದ್ದು, ಇದರ ಬೀಗರ ಪೈಕಿ, ಎಲುಬು ಬಾಳ ಸಿಕ್ಕಾವ, ಉದ್ದ ಸುಮಾರು 2 ಮೀಟರ್, ಅದನ್ನ ಅರ್ಧ ಮಾಡಿದ್ರ ಟೇಬಲ್ ಮ್ಯಾಲ ಕೂಡ್ತದ. ಖರೆ ಅದರ ಕೆಳಗಿನ ಮುಂದಿನ ಹಲ್ಲು ಹೊರಗ ಚಾಚ್ಯಾವ, ಅದನ್ನ ಇದಕ್ಕ ಹಚ್ಚಬ್ಯಾಡ್ರಿ, ಬಾಯಿ ಮುಚ್ಚೇ ಇರಲಿ.

ನಂದು ಮೊದಲನೇ ಸಲ ನಿಂದರಿಸಿದ ಕೂಡ್ಲೇ ಮಾರಿ ಮ್ಯಾಲ ಬಿತ್ತು ನೋಡ್ರಿ, ಕಾಲು ಹಿಂದಾಗಿದ್ವು, ಬಾಲ ಗಿಡ್ಡಾಗಿತ್ತು. ಬಾಲ ಮೈಯಷ್ಟೇ ಉದ್ದ ಇಡ್ರಿ, ಕಾಲಿನ ತಂತಿ ಕೆಳಗ ಮಡಚಿ ಶಹಾಬಾದ್ ಫರ್ಶಿ ತುಂಡಿಗಿ ಎಂ-ಸೀಲ್‌ಲೇ ಹಚ್ರಿ. ಆದ್ರ ಈ ಕಲ್ಲಿನಾಗೇ ಡೈನೋಸಾರ್ ಸಿಕ್ಕದ ಅಂತ ಹುಡುಗ ಹೇಳಬಾರದು ಮತ್ತ, ಶಹಾಬಾದ್ ಕಲ್ಲು ಡೈನೋಸಾರ್‌ಗಿಂತ ಎಷ್ಟೋ ಕೋಟಿ ವರ್ಷ ಹಳೇದು.

ಬಾಲ ಬಿಚ್ಚಿ ಹಾಕೋ ಹಂಗ ಮಾಡ್ರಿ, ಇಲ್ಲಂದ್ರ ಆಟೋದಾಗ ಹಿಡಸಲ್ಲ.