ಕಬಡ್ಡಿ ರೆಫರಿ ಆಗಬೇಕಾ? ಕಾಲು ನೋಡೋದು ಕಲಿಯಿರಿ

ಹೊನಲು ಬೆಳಕಿನ ಕಬಡ್ಡಿಗೆ ನಮ್ಮಲ್ಲಿ ಆಡುವವರು ಬೇಕಾದಷ್ಟು ಸಿಗುತ್ತಾರೆ, ಒಳ್ಳೆ ತೀರ್ಪುಗಾರರೇ ಸಿಗುವುದಿಲ್ಲ. ಆಸೆ ಇದ್ದರೆ ಖಂಡಿತ ಬನ್ನಿ. ಆದರೆ ಮೊದಲ ದಿನವೇ ಸೀಟಿ ಕೇಳಬೇಡಿ. ಸ್ಕೋರರ್ ಪಕ್ಕ ಕೂತು ಹತ್ತು ಪಂದ್ಯ ಬರೆಯಿರಿ. ಮೊದಲು ಔಟ್ ಆದವನೇ ಮೊದಲು ಒಳಗೆ ಬರಬೇಕು ಅಲ್ವಾ, ಆ ಲೆಕ್ಕ ತಲೆಗೆ ಹತ್ತುವುದು ಅಲ್ಲೇ.

ಪಂದ್ಯಕ್ಕೆ ಅರ್ಧ ಗಂಟೆ ಮೊದಲೇ ಹೋಗಿ, ಟೇಪ್ ಹಿಡಿದು ನೀವೇ ಅಳೆಯಿರಿ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಂಗಸರದ್ದು 12 ಮತ್ತು 8. ಮಣ್ಣಿನ ಅಂಕಣವಾದರೆ ಆಟದ ಮಧ್ಯೆ ಸುಣ್ಣದ ಗೆರೆ ಅಳಿಸಿ ಹೋಗುತ್ತದೆ, 5 ನಿಮಿಷದ ಬ್ರೇಕಲ್ಲಿ ಮತ್ತೆ ಹಾಕಿಸಿ.

ಜಗಳ ಜಾಸ್ತಿ ಆಗುವುದು ಬೋನಸ್ ಗೆರೆಯಲ್ಲಿ, ಅಂದರೆ ಎದುರು ಅಂಕಣಕ್ಕೆ ನುಗ್ಗುವ ರೈಡರ್ ದಾಟಿದರೆ ಒಂದು ಪಾಯಿಂಟ್ ಹೆಚ್ಚಿಗೆ ಸಿಗುವ ಗೆರೆಯಲ್ಲಿ. ರೈಡರ್‌ನ ಒಂದು ಕಾಲು ಗೆರೆ ದಾಟಿ ನೆಲ ಮುಟ್ಟಬೇಕು, ಅದೇ ಹೊತ್ತಿಗೆ ಹಿಂದಿನ ಕಾಲು ಗಾಳಿಯಲ್ಲಿರಬೇಕು, ಜೊತೆಗೆ ಎದುರು ತಂಡದಲ್ಲಿ ಕನಿಷ್ಠ 6 ಜನ ಇರಬೇಕು. ನಾನು ಶುರುವಿನಲ್ಲಿ ಐದೇ ಜನ ಇದ್ದಾಗ ಬೋನಸ್ ಕೊಟ್ಟುಬಿಟ್ಟಿದ್ದೆ, ಆ ತಂಡ ಒಂದೇ ಪಾಯಿಂಟಿನಲ್ಲಿ ಸೋತಿತು, ಆ ಹುಡುಗರ ಮುಖ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಅವತ್ತಿನಿಂದ ಪ್ರತಿ ರೈಡಿಗೂ ಮೊದಲು ತಲೆ ಎಣಿಸುತ್ತೇನೆ. ನೀವೂ ಎಣಿಸಿ. ಆಮೇಲೆ ಕಣ್ಣು ಕಾಲಿನ ಮೇಲೇ ಇರಲಿ. ರೈಡರ್ ಕೈ ಬೀಸುವುದು ಎಲ್ಲರ ಕಣ್ಣನ್ನೂ ಎಳೆಯುತ್ತದೆ, ನಿಮ್ಮ ಕಣ್ಣು ಮಾತ್ರ ಹೋಗಬಾರದು.

ಲಾಬಿ, ಅಂದರೆ ಅಂಕಣದ ಎರಡೂ ಬದಿಯ ಪಟ್ಟಿ, ಅದರದ್ದು ಇನ್ನೊಂದು ಕಥೆ. ಟಚ್ ಆಗುವ ಮೊದಲು ಅಲ್ಲಿ ಕಾಲಿಟ್ಟವರು ಔಟ್, ಟಚ್ ಆದಮೇಲೆ ಅದೂ ಅಂಕಣವೇ. ಹಾಗಾಗಿ ಮೊದಲ ಟಚ್ ಯಾವ ಕ್ಷಣ ಆಯಿತು ಅಂತ ನಿಮಗೆ ಸ್ಪಷ್ಟ ಇರಬೇಕು. ರೈಡಿಗೆ 30 ಸೆಕೆಂಡ್, ಸ್ಟಾಪ್‌ವಾಚ್ ಇಲ್ಲದೆ ಇಳಿಯಲೇಬೇಡಿ.

ಸೀಟಿ ಊದಿದ ಕೂಡಲೇ ಕೈ ಎತ್ತಿ ತೀರ್ಪು ತೋರಿಸಿ. ತಡ ಮಾಡಿದರೆ ಜನ ಕೂಗಿದ್ದಕ್ಕೆ ಕೊಟ್ಟ ಅಂತಾರೆ. ನಾಯಕ ಬಂದು ಕೇಳಿದರೆ ಎರಡು ಮಾತಲ್ಲಿ ಕಾರಣ ಹೇಳಿ, ಉಳಿದವರು ಸುತ್ತುವರಿದರೆ ಸುಮ್ನೆ ವಾದಕ್ಕಿಳಿಯದೆ ಹಸಿರು ಕಾರ್ಡ್ ತೋರಿಸಿ. ಅದು ಎಚ್ಚರಿಕೆ. ಹಳದಿ ಆದರೆ 2 ನಿಮಿಷ ಹೊರಗೆ.

ಇಷ್ಟು ಕೈಗೆ ಬಂದಮೇಲೆ ನಿಮ್ಮ ಜಿಲ್ಲೆಯ ಕಬಡ್ಡಿ ಸಂಸ್ಥೆಯವರನ್ನು ಕಂಡು ರೆಫರಿ ಪರೀಕ್ಷೆ ಯಾವಾಗ ಅಂತ ವಿಚಾರಿಸಿ. ಅಲ್ಲಿಯವರೆಗೆ ಶಾಲೆ ಮಕ್ಕಳ ಪಂದ್ಯ ಮಾಡಿ. ನಿಮ್ಮದೇ ಊರಿನ ತಂಡ ಆಡುವ ಪಂದ್ಯವನ್ನು ಮಾತ್ರ, ಎಷ್ಟೇ ಒತ್ತಾಯ ಮಾಡಿದರೂ, ಒಪ್ಪಿಕೊಳ್ಳಬೇಡಿ.