ಒಳಗೆ ಬಿಟ್ಟುಕೊಂಡರೂ ಪಟ್ಟಿ ತೋರಿಸದ ಎಫ್‌ಟಿಪಿ ಸರ್ವರ್

ಹೊಸದಾಗಿ ಲಿನಕ್ಸ್ ಹಾಕಿದ ಯಂತ್ರದಲ್ಲಿ ವಿಎಸ್‌ಎಫ್‌ಟಿಪಿಡಿ ಎಂಬ ಎಫ್‌ಟಿಪಿ (ಜಾಲದ ಮೂಲಕ ಕಡತ ಸಾಗಿಸುವ ವಿಧಾನ) ಸರ್ವರ್ ಇನ್‌ಸ್ಟಾಲ್ ಮಾಡಲು ಎರಡು ನಿಮಿಷ ಸಾಕಾಯಿತು. ಅದನ್ನು ದಾರಿಗೆ ತರುವಷ್ಟರಲ್ಲಿ ಒಂದು ಸಂಜೆ ಪೂರ್ತಿ ಕಳೆದಿತ್ತು.

ಮೊದಲ ತಕರಾರು 500 ಸಂಖ್ಯೆಯ ದೋಷ. ಬಳಕೆದಾರರನ್ನು ಅವರವರ ಫೋಲ್ಡರಿನಲ್ಲೇ ಕೂಡಿಹಾಕುವ ಆಯ್ಕೆಯನ್ನು ನಾನೇ ಚಾಲೂ ಮಾಡಿದ್ದೆ. ಆ ಫೋಲ್ಡರಿಗೆ ಬರೆಯುವ ಅನುಮತಿ ಇದ್ದರೆ ಈ ಸರ್ವರ್ ಒಳಗೇ ಬಿಡುವುದಿಲ್ಲ. ಈ ತಪಾಸಣೆಯನ್ನೇ ರದ್ದು ಮಾಡುವ ಸಾಲೊಂದಿದೆ. ಕಾವಲುಗಾರನನ್ನು ಮನೆಗೆ ಕಳಿಸಿದಂತಾಗುತ್ತದೆಂದು ಅದನ್ನು ಮುಟ್ಟಲಿಲ್ಲ. ಅನುಮತಿ ತೆಗೆದು, ಒಳಗೆ ಅಪ್‌ಲೋಡಿಗೆಂದು ಬೇರೆ ಫೋಲ್ಡರ್ ಮಾಡಿ ಬಳಕೆದಾರನ ಹೆಸರಿಗೆ ಕೊಟ್ಟೆ.

ನಿಜವಾದ ಕಾಟ ಆಮೇಲಿನದು. ಪಾಸ್‌ವರ್ಡ್ ಒಪ್ಪಿಗೆಯಾಗುತ್ತಿತ್ತು, ಕಡತಗಳ ಪಟ್ಟಿ ಕೇಳಿದರೆ ಮಾತ್ರ ಪರದೆ ಹಾಗೇ ನಿಂತುಬಿಡುತ್ತಿತ್ತು. ಅದೇ ಯಂತ್ರದೊಳಗಿಂದ ಸಂಪರ್ಕಿಸಿದರೆ ಎಲ್ಲವೂ ಸರಾಗ! ಕೊನೆಗೆ ಪರದೆಯ ಮೇಲಿನ ಕೊನೆಯ ಸಾಲನ್ನು ಗಮನವಿಟ್ಟು ಓದಿದೆ: ಸರ್ವರಿನ ಉತ್ತರ 227, ಅದರ ಮುಂದೆ ಆವರಣದಲ್ಲಿ ಆರು ಸಂಖ್ಯೆಗಳು. ಮೊದಲ ನಾಲ್ಕು ಐಪಿ ವಿಳಾಸ. ಉಳಿದೆರಡು 195 ಮತ್ತು 149. ಮೊದಲನೆಯದನ್ನು 256ರಿಂದ ಗುಣಿಸಿ ಎರಡನೆಯದನ್ನು ಕೂಡಿಸಿದರೆ 50069, ಅದೇ ಪೋರ್ಟ್, ಅಂದರೆ ಸಂಪರ್ಕ ಒಳಬರುವ ಬಾಗಿಲಿನ ಸಂಖ್ಯೆ. ಹೊರಗಿನ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್‌ನಲ್ಲಿ ನಾನು ತೆರೆದಿದ್ದದ್ದು ಆದೇಶಗಳ ಪೋರ್ಟ್ 21 ಒಂದೇ. ಎಫ್‌ಟಿಪಿ ಆದೇಶಗಳಿಗೊಂದು, ದತ್ತಾಂಶಕ್ಕೊಂದು ಸಂಪರ್ಕ ಬಳಸುತ್ತದೆ. ಪ್ಯಾಸಿವ್ ವಿಧಾನದಲ್ಲಿ ಎರಡನೆಯದರ ಪೋರ್ಟನ್ನು ಸರ್ವರ್ ಆಗಿಂದಾಗ್ಗೆ ತಾನೇ ಆರಿಸುತ್ತದೆ.

ಸೆಟ್ಟಿಂಗ್ ಕಡತದಲ್ಲಿ ಪ್ಯಾಸಿವ್ ಪೋರ್ಟುಗಳ ಕನಿಷ್ಠ ಮಿತಿ 40000, ಗರಿಷ್ಠ 40100 ಎಂದು ಬರೆದೆ. ಫೈರ್‌ವಾಲ್‌ನಲ್ಲೂ ಅಷ್ಟನ್ನೇ ತೆರೆದು ಸರ್ವರನ್ನು ಮರುಚಾಲನೆ ಮಾಡಿದೆ. ಪಟ್ಟಿ ತಟ್ಟನೆ ಬಂತು. ಪಾಸ್‌ವರ್ಡ್ ಇನ್ನೂ ಬಯಲಲ್ಲೇ ಹರಿದಾಡುತ್ತಿರುವುದರಿಂದ, ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಟಿಎಲ್‌ಎಸ್ ಅಳವಡಿಸುವವರೆಗೆ ಇದನ್ನು ಒಳಜಾಲದ ಆಚೆ ಬಿಡುವುದಿಲ್ಲ.